ಮಗ್ಗಿಯ ಪಕ್ಕ ತೂಗಿದ ಕಣ್ಣಿನ ಪಟ

ನನಗೆ ಕೂತಲ್ಲಿ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದು ಎಂದು ಅಮ್ಮ ಬೈಯುತ್ತಿದ್ದಳು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಾಡುತ್ತಿದ್ದ ಕೆಲಸವೂ ಅದಕ್ಕೆ ತಕ್ಕದ್ದೇ. ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಸಹಾಯಕನಾಗಿದ್ದ ನಾನು ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಿ, ಮಕ್ಕಳ ದೃಷ್ಟಿ ಪರೀಕ್ಷಿಸುವುದನ್ನು ಶಾಲೆಯ ಮಾಸ್ತರರಿಗೂ ಅಕ್ಕೋರಿಗೂ ಕಲಿಸಬೇಕಿತ್ತು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ.

ಕಲಿಸುವುದೇನೂ ಕಷ್ಟದ್ದಲ್ಲ. ಬಿಳಿ ರಟ್ಟಿನ ಪಟ, ಅದರ ಮೇಲೆ ಒಂದೇ ಸಾಲಿನಲ್ಲಿ ನಾಲ್ಕು ಗುರುತು. ಒಂದೊಂದೂ ಮೂರು ಹಲ್ಲಿನ ಬಾಚಣಿಗೆಯ ಹಾಗೆ. ಒಂದರ ಹಲ್ಲು ಮೇಲಕ್ಕಿದ್ದರೆ ಇನ್ನೊಂದರದ್ದು ಎಡಕ್ಕೆ. ಮಗು ಆರು ಮೀಟರ್ ದೂರ ನಿಂತು, ಒಂದು ಕಣ್ಣು ಮುಚ್ಚಿಕೊಂಡು, ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು. ಹೇಳಲಾಗದವರ ಹೆಸರು ಬರೆದು ಕಳಿಸಿದರೆ ಮುಂದಿನದು ನಮ್ಮ ಜವಾಬ್ದಾರಿ. ದೂರ ಅಳೆಯಲು ನಾನು ಗಂಟು ಹಾಕಿದ ನೈಲಾನ್ ಹಗ್ಗ ಹಂಚುತ್ತಿದ್ದೆ. ಅನೇಕ ಶಾಲೆಗಳ ಕೋಣೆ ಅಷ್ಟು ಉದ್ದವೇ ಇರುತ್ತಿರಲಿಲ್ಲ. ಮಗುವನ್ನು ಬಾಗಿಲಾಚೆ ಜಗಲಿಯಲ್ಲಿ ನಿಲ್ಲಿಸಿ ಎನ್ನುತ್ತಿದ್ದೆ.

ಸಿದ್ದಾಪುರದ ತರಬೇತಿಯ ದಿನ ನನಗೆ ಮಧ್ಯಾಹ್ನದ ಬಸ್ಸು ಹಿಡಿದು ಯಲ್ಲಾಪುರ ಮುಟ್ಟಬೇಕಿತ್ತು. ಗಡಿಯಾರ ನೋಡುತ್ತಲೇ ಮಾತಾಡಿದೆ. ಟಿಪ್ಪಣಿಯ ಕೊನೆಯ ಹಾಳೆಯನ್ನು ಓದದೆ ಮಡಚಿ ಚೀಲಕ್ಕೆ ತುರುಕಿದೆ. ಪಟವನ್ನು ಕಪಾಟಿನಲ್ಲಿಡಿ, ಸರದಿ ಬರುವವರೆಗೆ ಯಾವ ಮಗುವೂ ಅದನ್ನು ನೋಡಬಾರದು ಎಂಬುದಷ್ಟೇ ಅದರಲ್ಲಿತ್ತು. ಇಷ್ಟು ಯಾರಿಗೆ ತಿಳಿಯುವುದಿಲ್ಲ ಎಂದುಕೊಂಡು ಓಡಿದೆ.

ಎರಡು ತಿಂಗಳಲ್ಲಿ ಪಟ್ಟಿಗಳು ಬಂದವು. ಹೆಗ್ಗರಣೆ ಕಡೆಯ ಒಂದು ಶಾಲೆಯ ಅಕ್ಕೋರು ಮಾತ್ರ ಒಂದೂ ಹೆಸರು ಬರೆದಿರಲಿಲ್ಲ. ಎಲ್ಲರ ಕಣ್ಣೂ ಸರಿಯಿದೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದರು. ನನಗೆ ಖುಷಿಯೇ ಆಯಿತು. ಮುಂದಿನ ಸಭೆಯಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ.

ಆಮೇಲೊಂದು ದಿನ ಬೇರೆ ಕೆಲಸಕ್ಕೆ ಹೋಗಿ ಹೆಗ್ಗರಣೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಪ್ಪ, ಅವನ ಮಗಳು. ದೂರದಲ್ಲಿ ಲಾರಿಯೊಂದು ಬಂತು. ಹುಡುಗಿ ರಸ್ತೆಗೆ ಇಳಿದು, ಬಸ್ಸೆಂದುಕೊಂಡು ಅದಕ್ಕೆ ಕೈ ಅಡ್ಡ ಮಾಡಿದಳು. ಅಪ್ಪನಿಗೆ ನನ್ನೆದುರು ನಾಚಿಕೆಯಾಗಿರಬೇಕು.

"ಇದ್ರ ತಲೆಗೆ ಓದು ಹತ್ತೂದಿಲ್ಲ. ಏಳನೇ ಕ್ಲಾಸು ಮುಗಿದದ್ದೇ ಸಾಲೆ ಬಿಡಿಸ್ತೆ. ಅಕ್ಕೋರೂ ಅದೇ ಹೇಳಿದ್ರು" ಎಂದ.

ಯಾವ ಶಾಲೆ ಎಂದು ಕೇಳಿದೆ. ಅದೇ ಶಾಲೆ. ಅಷ್ಟರಲ್ಲಿ ಬಸ್ಸು ಬಂತು. ಸೀಟು ಸಿಕ್ಕರೂ ನನಗೆ ಕೂರಲಾಗಲಿಲ್ಲ. ಸಿದ್ದಾಪುರದವರೆಗೂ ಕಂಬಿ ಹಿಡಿದು ನಿಂತೇ ಬಂದೆ. ಲಾರಿಗೂ ಬಸ್ಸಿಗೂ ವ್ಯತ್ಯಾಸ ಕಾಣದ ಹುಡುಗಿ ಆ ನಾಲ್ಕು ಬಾಚಣಿಗೆಗಳನ್ನು ಹೇಗೆ ಕಂಡಳು? ಶಾಲೆಯ ವರ್ಷ ಮುಗಿಯಲು ಒಂದೇ ತಿಂಗಳಿತ್ತು. ಮರುದಿನದ ಯಲ್ಲಾಪುರದ ಕೆಲಸ ಬಿಟ್ಟು, ಮಸೂರದ ಪೆಟ್ಟಿಗೆ ಎತ್ತಿಕೊಂಡು ಮತ್ತೆ ಅಲ್ಲಿಗೇ ಹೋದೆ.

ಶಾಲೆಯ ಗೋಡೆಯ ಮೇಲೆ, ಮಗ್ಗಿಯ ಪಕ್ಕದಲ್ಲೇ ನನ್ನ ಪಟ ತೂಗುತ್ತಿತ್ತು. ಅಕ್ಕೋರು ನಗುನಗುತ್ತ ಮಕ್ಕಳನ್ನು ನಿಲ್ಲಿಸಿದರು. ಮಕ್ಕಳು ಒಂದೇ ರಾಗದಲ್ಲಿ ಮೇಲೆ, ಎಡಕ್ಕೆ, ಕೆಳಗೆ, ಬಲಕ್ಕೆ ಎಂದರು. ದಿನವೂ ಪ್ರಾರ್ಥನೆಯಾದ ಮೇಲೆ ಮಗ್ಗಿ, ಮಗ್ಗಿಯಾದ ಮೇಲೆ ಇದು. ಬಾರದವರನ್ನು ಸಂಜೆ ಉಳಿಸಿಕೊಂಡು, ಕೈ ಹಿಡಿದು ತೋರಿಸಿ ಕಲಿಸಿದ್ದರಂತೆ. ಮಾಸ್ತರಿಕೆ ಮಾಡುವವರ ಕೈಗೆ ಏನು ಕೊಟ್ಟರೂ ಅದು ಪಾಠವೇ ಆಗುತ್ತದೆ. ಪರೀಕ್ಷೆ ಎಂದರೆ ಎಲ್ಲರೂ ಪಾಸಾಗಬೇಕು. ನನಗೆ ಪಿತ್ತ ನೆತ್ತಿಗೇರಿತು. ಬೈಯಲು ಬಾಯಿ ತೆರೆದವನಿಗೆ, ಅಂದು ಓದದೆ ಮಡಚಿಟ್ಟು ಇನ್ನೂ ಚೀಲದಲ್ಲೇ ಉಳಿದಿದ್ದ ಹಾಳೆ ನೆನಪಾಯಿತು.

ಲಾರಿಗೆ ಕೈ ಮಾಡಿದ್ದ ಹುಡುಗಿಯನ್ನು ಜಗಲಿಯಲ್ಲಿ ಹಗ್ಗದ ತುದಿಗೆ ನಿಲ್ಲಿಸಿದೆ. ಅವಳು ಒಂದೂ ತಪ್ಪದೆ ಹೇಳಿದಳು. ನಾನು ಪಟವನ್ನು ಗೋಡೆಯಿಂದ ತೆಗೆದು, ತಲೆಕೆಳಗು ಮಾಡಿ ಹಿಡಿದೆ. ಅವಳು ಆಗಲೂ ಅದೇ ರಾಗದಲ್ಲಿ ಮೇಲೆ, ಎಡಕ್ಕೆ, ಕೆಳಗೆ, ಬಲಕ್ಕೆ ಎಂದಳು.

ಅಕ್ಕೋರು ಬೆಂಚಿನ ಮೇಲೆ ಕೂತುಬಿಟ್ಟರು. "ಬೋರ್ಡು ನೋಡಿ ಬರೆಯೂದಿಲ್ಲ ಹೇಳಿ ಇದ್ರ ಕಿವಿ ಹಿಂಡಿದ್ದೆ ನಾನು" ಎಂದರು. ನನ್ನ ಕೈಯಲ್ಲಿದ್ದ ಪಟ ತೋರಿಸಿ, "ಪಟ ತೆಗ್ದಿಡೂಕೆ ಅವತ್ತು ನೀವು ಹೇಳಿರ್ತ್ರಿ. ನಾನೇ ಸರಿ ಕೇಳಿಸ್ಕಳ್ಳಲಿಲ್ಲ ಕಾಣ್ತದೆ" ಎಂದರು.

ನಾನು ಪೆಟ್ಟಿಗೆಯಲ್ಲಿ ಮಸೂರ ಹುಡುಕುವ ನೆವದಲ್ಲಿ ತಲೆ ತಗ್ಗಿಸಿದೆ. ಅಷ್ಟು ಹೇಡಿ ನಾನು ಎಂದು ಅಂದೇ ನನಗೆ ಗೊತ್ತಾದದ್ದು. ಪರೀಕ್ಷೆಯ ಕನ್ನಡಕದ ಚೌಕಟ್ಟನ್ನು ಹುಡುಗಿಯ ಮೂಗಿಗೆ ಸಿಕ್ಕಿಸಿ, ಮೂರ್ನಾಲ್ಕು ಮಸೂರ ಬದಲಿಸಿದ ಮೇಲೆ ಅವಳು ತಟ್ಟನೆ ಕತ್ತು ಮುಂದಕ್ಕೆ ಚಾಚಿದಳು. ಪಟವನ್ನು ಮತ್ತೆ ಹಾಗೇ ತಲೆಕೆಳಗಾಗಿ ಹಿಡಿದೆ. ಈಗ ಹೇಳು ಎಂದೆ.

ಅವಳು ಪಟ ನೋಡಿದಳು, ಅಕ್ಕೋರನ್ನು ನೋಡಿದಳು.

"ಅಕ್ಕೋರೇ, ಈಗ ಕಾಣೂದು ಹೇಳೂದೋ, ನೀವು ಕಲಿಸಿದ್ದು ಹೇಳೂದೋ?"

"ಕಾಣೂದು ಹೇಳು ಮಗಾ" ಎಂದರು ಅಕ್ಕೋರು.

ಎಡಕ್ಕೆ, ಮೇಲೆ, ಬಲಕ್ಕೆ, ಕೆಳಗೆ. ಈ ಸಲ ರಾಗವಿರಲಿಲ್ಲ. ಒಂದೊಂದನ್ನೂ ನೋಡಿ ನೋಡಿ ಹೇಳಿದಳು.

ನಾನು ಚೀಲದಿಂದ ಮಡಚಿದ ಹಾಳೆ ತೆಗೆದು ಅಕ್ಕೋರ ಕೈಗಿಟ್ಟೆ. "ನೀವು ಕೇಳಿಸಿಕೊಳ್ಳದೆ ಇದ್ದದ್ದಲ್ಲ. ಬಸ್ಸಿಗೆ ಹೊತ್ತಾಯ್ತು ಅಂತ ಇದನ್ನ ನಾನು ಓದಲೇ ಇಲ್ಲ" ಎಂದೆ.

ಅವರು ಎರಡು ಸಲ ಓದಿದರು. ನನ್ನ ಮುಖ ನೋಡಲಿಲ್ಲ. ಹಾಳೆಯನ್ನು ಹಾಜರಿ ಪುಸ್ತಕದೊಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಇದ್ರ ಅಪ್ಪನ ಹತ್ರ ಇಬ್ರೂ ಹೋಗಿ ಹೇಳುವಾ, ಈಗ್ಲೇ, ಎಂದರು. ನನ್ನ ಬಸ್ಸು ಬರುವ ಹೊತ್ತಾಗಿತ್ತು. ಹುಡುಗಿ ಮುಂದೆ, ಅಕ್ಕೋರು ಅವಳ ಹಿಂದೆ, ನಾನು ಎಲ್ಲರಿಗಿಂತ ಹಿಂದೆ ನಡೆದೆ.