ಸುಟ್ಟ ಜಾಗದ ಹೂವು

ಬಾಡಿದ ಹೂವಿನ ವಾಸನೆ. ರೋಮಿನ ಹಳೆಯ ಪೇಟೆಯ ಅವಶೇಷಗಳ ನಡುವೆ ನಿಂತಾಗ ಮೊದಲು ಮೂಗಿಗೆ ಬಡಿದದ್ದು ಅದೇ. ಬೆಳಗಾವಿಯ ನಮ್ಮ ಫೌಂಡ್ರಿಯವರು ಯಂತ್ರ ನೋಡಿಕೊಂಡು ಬಾ ಎಂದು ಇಟಲಿಗೆ ಕಳಿಸಿದ್ದರು. ವಾಪಸು ಬರುವ ಮುನ್ನ ಒಂದು ದಿನ ಬಿಡುವು ಸಿಕ್ಕಿತ್ತು. ಮುರಿದ ಕಂಬಗಳು, ಸವೆದ ಕಲ್ಲುಹಾಸು, ಒಂದು ಮಾಡಿನ ಕೆಳಗೆ ಮಣ್ಣಿನ ಗುಡ್ಡೆ. ಅದರ ಮೇಲೆ ಯಾರೋ ಇಟ್ಟುಹೋದ ಹೂಗಳು. ಎರಡು ಸಾವಿರ ವರ್ಷಗಳ ಹಿಂದೆ, ತನ್ನವರ ಕೈಯಿಂದಲೇ ಇರಿತಕ್ಕೊಳಗಾಗಿ ಸತ್ತ ಸರ್ವಾಧಿಕಾರಿಯನ್ನು ಸುಟ್ಟ ಜಾಗವಂತೆ. ಮೊಬೈಲು ತೆಗೆದು ಒಂದು ಫೋಟೊ ಹೊಡೆದೆ. ಇತಿಹಾಸದ ಸರ್ ಹೇಳಿದ್ದು ನಿಜವಾಗಿತ್ತು...

ಆಗ ನಾನು ಖಾನಾಪುರದಲ್ಲಿ ಎಂಟನೇ ತರಗತಿ. ಸರ್ ದಿನಾ ಬೆಳಗಾವಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಖಾಸಗಿ ಶಾಲೆ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪುಸ್ತಕ ಮುಚ್ಚಿಟ್ಟು ಪಾಠ ಮಾಡುವುದು ಅವರ ಚಾಳಿ. ಒಮ್ಮೆ, ಆ ಸರ್ವಾಧಿಕಾರಿಯನ್ನು ಸುಟ್ಟ ಜಾಗದಲ್ಲಿ ಜನ ಇವತ್ತಿಗೂ ಹೂವಿಡುತ್ತಾರೆ ಎಂದರು. ನಾವೆಲ್ಲ ಅದನ್ನು ವಹಿಯಲ್ಲಿ ಬರೆದುಕೊಂಡೆವು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಶಾಲೆಯ ಕಮಿಟಿಯಲ್ಲಿದ್ದ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಹೂವು, ವಿಭೂತಿ ಎಲ್ಲ ಸಮಾಧಿಯ ಗದ್ದಿಗೆಗೆ.

"ಸುಟ್ಟ ಬೂದಿಗೆ ಯಾರರ ಹೂ ಏರಸ್ತಾರೇನು? ಹುಡುಗರ ಮುಂದ ಏನೇನರ ಬಿಡತಾನ ಆ ಮಾಸ್ತರ," ಎಂದು ಅಪ್ಪ ಸಿಡುಕಿದ.

ನಾನು ಇನ್ನಷ್ಟು ಉಪ್ಪುಖಾರ ಹಚ್ಚಿದೆ. ಸರ್ ಪುಸ್ತಕ ಮುಟ್ಟುವುದೇ ಇಲ್ಲ ಎಂದೆ. ಆ ವಾರ ಅವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು, ಅದರ ಸಿಟ್ಟು ನನಗೆ.

ಅಪ್ಪ ವಿಷಯವನ್ನು ಕಮಿಟಿಗೆ ಮುಟ್ಟಿಸಿದ. ಎರಡು ದಿನ ಬಿಟ್ಟು ಸರ್ ತರಗತಿಗೆ ಬಂದವರು ಕುಳಿತುಕೊಳ್ಳಲೇ ಇಲ್ಲ. "ನಾ ಹೇಳಿದ್ದು ತಪ್ಪೈತಿ. ಪುಸ್ತಕದಾಗ ಇಲ್ಲ. ಆ ಸಾಲು ಹೊಡದ ಹಾಕ್ರಿ," ಎಂದರು. ನಾವೆಲ್ಲ ಅಳತೆಪಟ್ಟಿ ಇಟ್ಟು ಆ ಸಾಲಿನ ಮೇಲೆ ಗೆರೆ ಎಳೆದೆವು. ಅಂದಿನಿಂದ ಅವರು ಪುಸ್ತಕದಿಂದ ತಲೆ ಎತ್ತಲಿಲ್ಲ. ಹುಡುಗರು 'ಬೂದಿ ಮಾಸ್ತರ' ಎಂದು ಕರೆಯತೊಡಗಿದರು. ಆ ಹೆಸರಿಟ್ಟವನೂ ನಾನೇ...

ಇಟಲಿಯಿಂದ ಬಂದ ಮರುದಿನವೇ ಬೆಳಗಾವಿಯ ಮಹಾಂತೇಶ ನಗರದಲ್ಲಿ ಸರ್ ಮನೆ ಹುಡುಕಿದೆ. ಬಾಗಿಲು ತೆರೆದ ಅವರ ಹೆಂಡತಿ, "ಬರ್ರಿ, ಕುಂದರ್ರಿ. ಅವರು ಹೋಗಿ ಎರಡ ವರ್ಷಾತ್ರಿ," ಎಂದರು. ಮೊಬೈಲಿನಲ್ಲಿದ್ದ ಆ ಹೂಗಳ ಫೋಟೊ ತೋರಿಸಿ, ಅಂದು ಅಪ್ಪನಿಗೆ ಚಾಡಿ ಹೇಳಿದವನು ನಾನೇ ಎಂದೆ.

ಅವರು ಕನ್ನಡಕ ಏರಿಸಿಕೊಂಡು ಫೋಟೊ ನೋಡಿದರು.

"ಇದು ಖರೇನ ಐತೇನ್ರಿ?... ನೀವರ ಸಣ್ಣವರಿದ್ರಿ. ತಪ್ಪಾತು ಅಂತ ಹೇಳಿ ನೌಕರಿ ಉಳಿಸ್ಕೋರಿ ಅಂತ ಕಳಿಸಿದಾಕಿ ನಾನ. ಅವರು ಸಾಯೂತನಕ ಹೇಳಿದ್ರು, ಸುಳ್ಳಲ್ಲ ಅಂತ. ನಾ ಒಂದ ದಿನಾನೂ ನಂಬಲಿಲ್ರಿ."

ಮೊಬೈಲು ಕಿಸೆಗೆ ಹಾಕಿಕೊಂಡು ಎದ್ದು ಬಂದೆ. ತಪ್ಪೊಪ್ಪಿಕೊಂಡು ಹಗುರಾಗಲು ಹೋದವನು, ಆ ಮುದುಕಿಯ ಎದೆಯ ಮೇಲೂ ಒಂದು ಭಾರ ಇಟ್ಟು ಬಂದಿದ್ದೇನೆ.