ಹಿಂದಿನ ಕೋಣೆಗೆ ಎಳೆದ ಕೇಬಲ್

ನಮ್ಮ ಮನೆಗೆ ಕಲರ್ ಟಿ.ವಿ. ಬಂದದ್ದು ಮೈದುನನ ಮದುವೆಯಲ್ಲಿ. ಹೆಣ್ಣಿನ ಕಡೆಯವರು ಟಿ.ವಿ. ಕೊಟ್ಟರು, ಜೊತೆಗೊಂದು ವಿ.ಸಿ.ಆರ್. ಕೊಟ್ಟರು. ಕಾಲುವೆ ನೀರಿನಿಂದ ಎರಡು ಬೆಳೆ ಬತ್ತ ತೆಗೆಯುತ್ತಿದ್ದ ಕಂಪ್ಲಿಯ ಮನೆಗಳಿಗೆ ಇಂಥ ಸಾಮಾನೆಲ್ಲ ಬರತೊಡಗಿದ್ದ ಕಾಲ ಅದು. ಮದುವೆಯನ್ನೂ ವಿಡಿಯೋ ತೆಗೆಸಿದ್ದೆವು. ಕ್ಯಾಸೆಟ್ ಕೈಸೇರಿ ತಿಂಗಳಾಗಿರಲಿಲ್ಲ, ಸಂಡೂರಿನಿಂದ ಬೈಕಿನಲ್ಲಿ ಬರುತ್ತಿದ್ದ ಮೈದುನನ ಮೇಲೆ ಅದಿರಿನ ಲಾರಿ ಹರಿಯಿತು. ಮುಖ ನೋಡುವ ಹಾಗಿರಲಿಲ್ಲ. ಸುತ್ತಿ ತಂದ ಬಟ್ಟೆ ಬಿಚ್ಚದೆಯೇ ಮಣ್ಣು ಮಾಡಿದರು.

ಅವನ ಹೆಂಡತಿಯನ್ನು, ಅಂದರೆ ನನ್ನ ನೆಗೆಣ್ಣಿಯನ್ನು, ಹಿತ್ತಲ ಕಡೆಯ ಕೋಣೆಯಲ್ಲಿ ಮೂಲೆಗೆ ಕೂಡಿಸಿದರು. ವರ್ಷ ತುಂಬುವವರೆಗೆ ಪಡಸಾಲೆಗೆ ಕಾಲಿಡುವಂತಿಲ್ಲ, ಬಂದುಹೋಗುವವರ ಕಣ್ಣಿಗೆ ಬೀಳುವಂತಿಲ್ಲ. ಅವಳ ತವರಿನವರು ಕೊಟ್ಟ ಟಿ.ವಿ. ಪಡಸಾಲೆಯಲ್ಲಿ ಮೆರೆಯುತ್ತಿತ್ತು, ಅವಳು ಬತ್ತದ ಚೀಲಗಳ ಆಚೆ ಕತ್ತಲಲ್ಲಿ ಕೂತಿದ್ದಳು. ಇದು ಪದ್ಧತಿ ಎಂದವರ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ನಾನೂ ಆ ಮನೆಯ ಸೊಸೆಯೇ, ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ.

ಅತ್ತೆಯ ಸಂಕಟ ಬೇರೆ ದಾರಿ ಹಿಡಿದಿತ್ತು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಮದುವೆಯ ಕ್ಯಾಸೆಟ್ ಹಾಕಿಸುವರು. ಅಕ್ಷತೆ ಬೀಳುವಾಗ ಮೈದುನ ತಲೆಯೆತ್ತಿ ನಕ್ಕಿದ್ದ. ಗಟ್ಟಿಮೇಳದ ಸದ್ದು ಕೇಳಿದ ಕೂಡಲೇ ಅತ್ತೆ, "ನಿಂದ್ರಸ ಲೇ" ಅನ್ನುವರು. ನಾನು ಬಟನ್ ಒತ್ತಿ ಚಿತ್ರ ನಿಲ್ಲಿಸುವೆ. ಗಾಜಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುವರು. ಕಡ್ಡಿ ಉರಿದು ಮುಗಿಯುವವರೆಗೆ ಚಿತ್ರ ನಿಂತಿರಬೇಕು, ನಾವೆಲ್ಲ ಕಣ್ಣು ಮುಚ್ಚಿ ಕೈ ಮುಗಿದಿರಬೇಕು. ನಡುವೆ ಯಂತ್ರ ತಾನೇ ಮುಂದೆ ಓಡಿದರೆ ಹಿಂದಕ್ಕೆ ಸುತ್ತಿ ಮತ್ತೆ ನಿಲ್ಲಿಸಬೇಕು. "ನನ್ನ ನೋಡೇ ನಕ್ಕಾನ ನನ ಮಗ" ಎಂದು ಅತ್ತೆ ದಿನಾ ಹೇಳುವರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಒಂದು ದಿನ ಊಟ ಕೊಡಲು ಹೋದಾಗ ನೆಗೆಣ್ಣಿ ನನ್ನ ಸೆರಗು ಹಿಡಿದಳು. "ಅಕ್ಕಾ, ಅವರ ಮುಖಾನ ಮರ್ತು ಹೋಗಾಕತ್ತೈತ್ರಿ. ಫೋಟೋದಾಗ ಸೆಟಕೊಂಡು ಕುಂತಾರ, ಅದು ಅವರಂಗ ಇಲ್ಲ. ನಕ್ಕಿದ್ದು ಒಮ್ಮಿ ನೋಡಬೇಕ್ರಿ. ಅವಾಗ ನಾ ತಲಿ ತಗ್ಗಿಸಿದ್ದೆ. ಯಾರ ಕಡೆ ನೋಡಿ ನಕ್ಕಾರ್ರಿ?"

ವಿ.ಸಿ.ಆರನ್ನು ಹಿಂದಿನ ಕೋಣೆಗೆ ಒಯ್ಯಲೇ ಎಂದು ಅತ್ತೆಯನ್ನು ಕೇಳಿದೆ.

"ದೇವರ ಜಗಲಿ ಕಿತ್ತು ಒಯ್ತಿಯೇನು? ಬೇಕಾದ್ರ ತಂತಿ ಎಳ್ಕೊಳ್ರಿ. ಆಕಿ ಈ ಕಡೆ ಬರೋದು ಬ್ಯಾಡ."

ಮನುಷ್ಯಳು ದಾಟಬಾರದ ಹೊಸ್ತಿಲನ್ನು ತಂತಿ ದಾಟಬಹುದಿತ್ತು. ಅಷ್ಟಾದರೂ ಸಿಕ್ಕಿತಲ್ಲ ಎಂದು ನಮ್ಮ ಮನೆಯವರ ಬೆನ್ನು ಬಿದ್ದೆ.

ಅವರಿಗೆ ಗೊತ್ತಿದ್ದದ್ದು ಪಂಪ್‌ಸೆಟ್ಟಿನ ವೈರು ಒಂದೇ. ಕೇಬಲ್ಲಿನ ತುಂಡುಗಳನ್ನು ತಂದು, ಗದ್ದೆಯಲ್ಲಿ ಮೋಟರಿಗೆ ಮಾಡುವಂತೆ ತುದಿಗಳನ್ನು ಹಲ್ಲಿನಿಂದ ಸುಲಿದು, ತಿರುವಿ, ಮೇಲೆ ಕಪ್ಪು ಟೇಪು ಸುತ್ತಿದರು. ಉಗ್ರಾಣದ ಗೋಡೆಗುಂಟ, ಕೊಟ್ಟಿಗೆಯ ಮೇಲೆ, ಹಿತ್ತಲ ಬಾವಿಯ ಮೋಟರಿನ ವೈರಿನ ಜೊತೆಗೇ ಕಟ್ಟಿ ಹಿಂದಿನ ಕೋಣೆಗೆ ತಂದರು. ಅಲ್ಲಿ ಹಳೆಯ ಕಪ್ಪುಬಿಳುಪು ಟಿ.ವಿ. ಇಟ್ಟೆವು. ಹಚ್ಚಿದರೆ ಬರೀ ನುಚ್ಚು. ಬತ್ತದ ಊರಲ್ಲವೇ, ಪರದೆಯ ಮೇಲೆ ಬಿಳಿ ಚುಕ್ಕಿ ಸುರಿದರೆ ನಮ್ಮಲ್ಲಿ ನುಚ್ಚು ಬೀಳುತ್ತದೆ ಅನ್ನುತ್ತಿದ್ದರು. ಪುರೋಹಿತರು ಯಾರು, ಮದುಮಗ ಯಾರು, ಒಂದೂ ತಿಳಿಯಲಿಲ್ಲ. ಮೋಟರು ಶುರುವಾದರೆ ಇಡೀ ಮದುವೆಮನೆಯೇ ಅಡ್ಡಡ್ಡ ಹರಿದು ಹೋಗುತ್ತಿತ್ತು.

ಹೊಸಪೇಟೆಯಿಂದ ಟಿ.ವಿ. ರಿಪೇರಿಯವರನ್ನು ಕರೆಸಿದೆವು. ಸಿಡುಕಿನ ಮನುಷ್ಯ. ಟೇಪು ಬಿಚ್ಚಿದವರೇ ಹಣೆ ಬಡಿದುಕೊಂಡರು. "ಸಾವ್ಕಾರ್ರ, ಇದು ಮೋಟರ್ ವೈರಲ್ರಿ. ಒಳಗಿನ ತಾಮ್ರಕ್ಕ ಮ್ಯಾಲ ಹೆಣೆದ ತಂತಿ ಜಾಳಗಿ ತಾಗಿದ್ರ ಚಿತ್ರ ಅಲ್ಲೇ ಸಾಯ್ತೈತಿ." ತುಂಡುಗಳನ್ನೆಲ್ಲ ಕಿತ್ತು, ದಪ್ಪನೆಯ ಒಂದೇ ಕೇಬಲ್ಲನ್ನು ಎಲ್ಲೂ ಜೋಡಣೆಯಿಲ್ಲದೆ, ಎಲ್ಲೂ ಚೂಪಾಗಿ ಮಡಿಸದೆ, ಮೋಟರಿನ ವೈರಿನಿಂದ ದೂರವಾಗಿ ಎಳೆದರು. ಪಡಸಾಲೆಯ ಕಡೆ ಬೂಸ್ಟರ್ ಕೂಡಿಸಿದರು. ದೂರ ಹೋಗುವ ಚಿತ್ರಕ್ಕೆ ಹೊರಡುವಾಗಲೇ ಬಲ ಕೊಡಬೇಕಂತೆ, ದಾರಿಯಲ್ಲಿ ಸೊರಗಿದ ಮೇಲೆ ಕೊಟ್ಟರೆ ಅದರ ಜೊತೆ ನುಚ್ಚೂ ಕೊಬ್ಬುತ್ತದಂತೆ.

ಆ ಸಂಜೆ ನಾನು ನೆಗೆಣ್ಣಿಯ ಪಕ್ಕ ಕೂತೆ. ನಮ್ಮ ಮನೆಯವರು ದೊಡ್ಡ ಟಿ.ವಿ. ಬಂದ್ ಇಟ್ಟು ಪಡಸಾಲೆಯಲ್ಲಿ ಕ್ಯಾಸೆಟ್ ಹಾಕಿದರು. ಚಪ್ಪರ ಕಂಡಿತು. ಹಂದರಗಂಬ, ಅರಿಷಿಣದ ನೀರು, ಅವಳ ಅಪ್ಪನ ರುಮಾಲು, ಎಲ್ಲ ಕೊರೆದಿಟ್ಟಂತೆ ಸ್ಪಷ್ಟ. ನೆಗೆಣ್ಣಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ನೋಯುತ್ತಿತ್ತು. ಒತ್ತಿದ್ದು ನನ್ನ ಬಳೆ, ಅವಳ ಕೈಯಲ್ಲಿ ಬಳೆ ಇರಲಿಲ್ಲ. ಗಟ್ಟಿಮೇಳ ಕೇಳಿತು. ಮದುಮಗ ತಲೆ ಎತ್ತತೊಡಗಿದ, ಅಷ್ಟರಲ್ಲಿ ದಬದಬನೆ ನುಚ್ಚು ಸುರಿಯಿತು. ನುಚ್ಚು ನಿಂತಾಗ ಅವನು ತಲೆ ತಗ್ಗಿಸಿ ತಾಳಿ ಕಟ್ಟುತ್ತಿದ್ದ.

ಹಿಂದೆ ಸುತ್ತಿ ಹಾಕಿದರು, ಮತ್ತೆ ಅಲ್ಲಿಯೇ ನುಚ್ಚು. ರಿಪೇರಿಯವರು ಎರಡೂ ತುದಿ ಬಿಚ್ಚಿ ಕಟ್ಟಿದರು, ಬೂಸ್ಟರ್ ಬದಲಾಯಿಸಿದರು, ಕೊನೆಗೆ ಕೇಬಲ್ಲನ್ನೇ ಬೈದು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. "ನಾಳೆ ಬಂದೀತು ಬಿಡ್ರಿ ಅಕ್ಕಾ" ಎಂದು ನೆಗೆಣ್ಣಿಯೇ ನನ್ನನ್ನು ಸಮಾಧಾನ ಮಾಡಿದಳು.

ಮರುದಿನ ಪೂಜೆಯ ಹೊತ್ತಿಗೆ ಪಡಸಾಲೆಯಲ್ಲಿ ಎಂದಿನಂತೆ ಚಿತ್ರ ನಿಲ್ಲಿಸಿ ಕೈ ಮುಗಿದೆ. ಕಣ್ಣು ಮಾತ್ರ ಮುಚ್ಚಲಿಲ್ಲ. ದೊಡ್ಡ ಟಿ.ವಿ.ಯ ಮೇಲೂ ನುಚ್ಚೇ ಇತ್ತು. ಮಗನ ಮುಖವಿರಬೇಕಾದ ಜಾಗದಲ್ಲಿ ಬಿಳಿ ಚುಕ್ಕಿಗಳು ಕುದಿಯುತ್ತಿದ್ದವು, ಅದಕ್ಕೆ ಅತ್ತೆ ಊದಿನಕಡ್ಡಿ ಬೆಳಗುತ್ತಿದ್ದರು. ಕೇಬಲ್ಲಿಗೆ ಏನೂ ಆಗಿರಲಿಲ್ಲ. ಚಿತ್ರ ನಿಂತಾಗಲೂ ವಿ.ಸಿ.ಆರಿನ ಹೊಟ್ಟೆಯಲ್ಲಿ ಯಂತ್ರ ತಿರುಗುತ್ತಲೇ ಇರುತ್ತದೆ, ಟೇಪಿನ ಅದೇ ಗೇಣುದ್ದವನ್ನು ಉಜ್ಜುತ್ತದೆ. ದಿನಾ ಒಂದು ಊದಿನಕಡ್ಡಿ ಉರಿಯುವಷ್ಟು ಹೊತ್ತು ನಾವು ಅವನ ನಗುವನ್ನು ಉಜ್ಜಿ ಅಳಿಸಿದ್ದೆವು. ಬೇರೆ ಪ್ರತಿ ಇರಲಿಲ್ಲ. ನನಗೆ ಕೂಗಿಕೊಳ್ಳಬೇಕೆನಿಸಿತು. "ಹೆಂಗ ನಗ್ತಾನ ನೋಡು" ಎಂದರು ಅತ್ತೆ, ಪೊರೆಗಣ್ಣು ಅರಳಿಸಿ.

ಹಿಂದಿನ ಕೋಣೆಗೆ ಹೋಗಿ ನೆಗೆಣ್ಣಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ಕೇಬಲ್ ಒಳಬಂದ ಕಿಂಡಿಯ ಕಡೆ ನೋಡಿದಳು.

"ಅತ್ತೆಯವ್ರಿಗೆ ಹೇಳಬ್ಯಾಡ್ರಿ. ಅವರಿಗೆ ಕಾಣತಾರಲ್ಲ, ಕಾಣಲಿ" ಎಂದಳು. ಆಮೇಲೆ, "ಮೊದಮೊದಲು ನೀವು ನೋಡೀರಲ್ಲಕ್ಕಾ. ಯಾರ ಕಡೆ ನೋಡಿ ನಕ್ಕಾರ?"

"ನಿನ್ನ ಕಡೆ" ಎಂದೆ.

"ಖರೇನ ರೀ?"

"ಖರೆ."

ಅವಳು ತಲೆ ತಗ್ಗಿಸಿದಳು, ಮದುವೆಯಲ್ಲಿ ತಗ್ಗಿಸಿದ ಹಾಗೆಯೇ. ಅವನು ಯಾರ ಕಡೆ ನೋಡಿ ನಕ್ಕಿದ್ದನೋ ನನಗೆ ಗೊತ್ತಿಲ್ಲ. ಮೊದಲ ದಿನದಿಂದಲೂ ನನ್ನ ಕಣ್ಣು ಬಟನ್ನಿನ ಮೇಲಿತ್ತು.