ಮಾವನ ಹನ್ನೊಂದು ಪುಟ

ಪಿರಿಯಾಪಟ್ಟಣದ ಆ ಮನೆಯಲ್ಲಿ ಮಿಕ್ಸಿ ಕೆಟ್ಟರೆ ಅಂಗಡಿಗೆ ಹೋಗುತ್ತಿತ್ತು. ನಲ್ಲಿ ಸೋರಿದರೆ ರಿಪೇರಿಯವನು ಬರುತ್ತಿದ್ದ. ಪರದೆ ಇರುವ ಯಾವುದೇ ವಸ್ತು ಕೆಟ್ಟರೆ ಮಾತ್ರ ಸೊಸೆ ಹೇಮಶ್ರೀಯನ್ನು ಕೂಗುತ್ತಿದ್ದರು. ಹುಣಸೂರಿನಲ್ಲಿ ಮೂರು ವರ್ಷ ಬಿ.ಸಿ.ಎ. ಓದಿದ ತಪ್ಪಿಗೆ ಅವಳು ಎರಡೂ ಕಡೆಯ ನೆಂಟರಿಗೆ ರಿಪೇರಿ ಅಂಗಡಿಯಾಗಿದ್ದಳು. ಕೆ.ಆರ್. ನಗರದಲ್ಲಿರುವ ಅತ್ತಿಗೆ ಉಷಾರಾಣಿಗೆ ಪ್ರಿಂಟರ್, ಎಚ್.ಡಿ. ಕೋಟೆಯ ಚಿಕ್ಕಮ್ಮನಿಗೆ ಮರೆತುಹೋದ ಪಾಸ್‌ವರ್ಡ್, ಗುರುಪುರದ ಅಪ್ಪನಿಗೆ ತುಂಬಿಹೋದ ಮೊಬೈಲು. ಎಲ್ಲರದೂ ಎರಡೇ ನಿಮಿಷದ ಕೆಲಸ. ಆ ಎರಡು ನಿಮಿಷ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಸಾರು ತಳ ಹಿಡಿದಿರುತ್ತಿತ್ತು, ಮೂರು ವರ್ಷದ ಮಗಳು ಗೌರಿ ಅಕ್ಕಿ ಡಬ್ಬ ಚೆಲ್ಲಿರುತ್ತಿದ್ದಳು.

ಹಾಗಂತ ನಗು ಬರಿಸುವಂಥದ್ದು ಇರಲೇ ಇಲ್ಲವೆಂದಲ್ಲ. ಒಂದು ಸೋಮವಾರ ಅತ್ತೆ ಗುರುಶಾಂತಮ್ಮ ಮಗಳಿಗೆ ವಿಡಿಯೋ ಕಾಲ್ ಮಾಡಿದರೆ ಉಷಾರಾಣಿ, "ಅವ್ವ, ಪಿರಿಯಾಪಟ್ಣದಲ್ಲಿ ಅಷ್ಟೊಂದು ಮಂಜಾ? ನಿನ್ ಮಖಾನೇ ಕಾಣ್ತಿಲ್ವಲ್ಲ" ಅಂದಳು. ಹೇಮಶ್ರೀ ಫೋನು ಇಸಿದುಕೊಂಡು ನೋಡಿದಳು. ಪೂಜೆ ಮುಗಿಸಿದ ಅತ್ತೆ ದೇವರಿಗೆ, ತಮಗೆ, ಮೊಮ್ಮಗಳಿಗೆ ಹಚ್ಚಿದಂತೆ ಫೋನಿನ ಹಣೆಗೂ ಮೂರು ಬೆರಳು ವಿಭೂತಿ ಎಳೆದಿದ್ದರು.

"ಒರೆಸ್‌ಬ್ಯಾಡ ಕಣವ್ವ, ದೇವ್ರುದು."

"ದೇವರನ್ನ ಒಂಚೂರು ಕೆಳಗೆ ಕೂರಿಸಿ ಅತ್ತೆ. ಕ್ಯಾಮೆರಾ ಮೇಲೆ ಬ್ಯಾಡ" ಎಂದು ಹೇಮಶ್ರೀ ಸೆರಗಿನ ತುದಿಯಲ್ಲಿ ಒರೆಸಿ ಕೊಟ್ಟಿದ್ದಳು.

ಮಾವ ನೀಲಕಂಠಸ್ವಾಮಿಯವರ ವಿಷಯ ಮಾತ್ರ ಹಗುರವಾದದ್ದಲ್ಲ. ಅವರು ಮೂವತ್ತು ವರ್ಷ ಪಶು ಆಸ್ಪತ್ರೆಗಳಲ್ಲಿ ಕಾಂಪೌಂಡರ್ ಆಗಿದ್ದವರು. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯ ಹಸು ಎಷ್ಟನೇ ಸೂಲಿನದು ಎಂಬುದು ಬಾಯಲ್ಲಿರುತ್ತಿತ್ತು. ನಿವೃತ್ತಿಯ ಮೇಲೆ, ತಾವು ಕಂಡ ಕಾಯಿಲೆ, ಮಾಡಿದ ಉಪಚಾರ ಎಲ್ಲವನ್ನೂ ದನ ಕಟ್ಟುವವರಿಗೆ ಉಪಯೋಗವಾಗಲಿ ಎಂದು ಮನೆಯ ಹಳೆ ಕಂಪ್ಯೂಟರಿನಲ್ಲಿ ಒಂದೇ ಬೆರಳಲ್ಲಿ ಕುಟ್ಟತೊಡಗಿದ್ದರು. ಎರಡು ವರ್ಷಕ್ಕೆ ಎಪ್ಪತ್ತು ಪುಟ. ಬರುವ ಸೋಮವಾರ ಅದನ್ನು ಅಚ್ಚಿಗೆ ಕೊಡುವುದೆಂದು ಪ್ರೆಸ್ಸಿನ ಪ್ರಭುಸ್ವಾಮಿಯೊಂದಿಗೆ ಮಾತಾಗಿತ್ತು. ಅವರು ಮನೆಯವರಲ್ಲಿ ಅದುವರೆಗೆ ತಮಗಾಗಿ ಏನನ್ನೂ ಕೇಳಿದವರಲ್ಲ. ಈ ಒಂದು ಪುಸ್ತಕ ಕೇಳಿದ್ದರು.

ಹಳೆ ಕಂಪ್ಯೂಟರು ತಿಂಗಳ ಹಿಂದೆ ಗಂಡ ನಂಜುಂಡೇಶನ ಕೈಯಲ್ಲಿ ಹುಣಸೂರಿನ ಅಂಗಡಿ ಸೇರಿ, ಬದಲಿಗೆ ಲ್ಯಾಪ್‌ಟಾಪ್ ಬಂದಿತ್ತು. ಅದನ್ನು ಕಳಿಸುವ ಮುಂಚೆ ಹೇಮಶ್ರೀ ಎಪ್ಪತ್ತು ಪುಟವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದಳು. "ಭಾನುವಾರ ಇದನ್ನ ಲ್ಯಾಪ್‌ಟಾಪಿಗೂ ಹಾಕ್ತೀನಿ ಮಾವ" ಅಂದಿದ್ದಳು. ಮೊದಲ ಭಾನುವಾರವನ್ನು ಉಷಾರಾಣಿಯ ಪ್ರಿಂಟರ್ ತಿಂದಿತು. ಎರಡನೆಯದು ಚಿಕ್ಕಮ್ಮನ ಪಾಸ್‌ವರ್ಡಿಗೆ ಹೋಯಿತು. ಮೂರನೆಯದರಲ್ಲಿ ಗೌರಿಗೆ ಜ್ವರ ಶುರುವಾಗಿ ವಾರವಿಡೀ ಬಿಟ್ಟು ಬಿಟ್ಟು ಬಂತು.

ಆ ಶನಿವಾರ ಹೇಮಶ್ರೀ ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಬೆಳಗಿನ ಜಾವಕ್ಕೆ ಕಣ್ಣು ಮುಚ್ಚಿದವಳು ಏಳುವಾಗ ಹತ್ತು ದಾಟಿತ್ತು. ನಡುಮನೆಯಲ್ಲಿ ಮಾವ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಮುಖದಲ್ಲಿ ಕೆಲಸ ಮುಗಿಸಿದ ನೆಮ್ಮದಿ.

"ಪುಸ್ತಕಕ್ಕೆ ವೈರಸ್ ಬಿದ್ದಿತ್ತು ಕಣವ್ವ. ಮಗೀನ್ ಜೊತೆ ಮಲ್ಗಿದ್ದೀಯ, ಎಬ್ಬಿಸೋದ್ ಬ್ಯಾಡ ಅಂತ ನಾನೇ ನೋಡ್ದೆ."

"ಏನು ನೋಡಿದ್ರಿ ಮಾವ?"

"ತೆಗ್ದ್ರೆ ಕನ್ನಡಾನೇ ಇಲ್ಲ. ಇಂಗ್ಲಿಷ್ ಅಕ್ಸರ, ಅದ್ರ ತಲೆ ಮ್ಯಾಲೆ ಟೊಪ್ಪಿ, ಕೆಳಗೆ ಬಾಲ. ಆ ಟೊಪ್ಪಿ ಬಾಲ ಇರೋವ್ನೆಲ್ಲ ಹಸೀನ್ ಮೈಯಿಂದ ಉಣ್ಣೆ ಹುಳ ಕೀಳ್ದಂಗೆ ಒಂದೊಂದೇ ಕಿತ್ತೆ. ಆರು ಗಂಟೆಗೆ ಕೂತೋನು, ಹನ್ನೊಂದು ಪುಟ ಆಯ್ತು."

"ಕಿತ್ತಾದ ಮೇಲೆ ಕನ್ನಡ ಬಂತಾ?"

"ಇನ್ನೂ ಇಲ್ಲ. ಉಣ್ಣೆ ಕಿತ್ತ ದಿನಾನೇ ಹಸೀಗೆ ಕೂದ್ಲು ಬಂದ್ಬುಡ್ತದಾ?"

ಹೇಮಶ್ರೀಗೆ ನೋಡುತ್ತಿದ್ದಂತೆ ಅರ್ಥವಾಯಿತು. ವೈರಸ್ಸು ಏನೂ ಇರಲಿಲ್ಲ. ಹಳೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ‘ನುಡಿ’ ತಂತ್ರಾಂಶ ಇತ್ತು, ಮಾವ ಅದರಲ್ಲೇ ಬರೆದದ್ದು. ಹೊಸದಕ್ಕೆ ಅವಳು ನುಡಿಯನ್ನು ಹಾಕಿರಲಿಲ್ಲ. ಆ ಅಕ್ಷರಗಳು ಇಲ್ಲದ ಕಡೆ ಕನ್ನಡ ಹೀಗೆ ವೇಷ ಬದಲಿಸಿ ನಿಲ್ಲುತ್ತದೆ. ಟೊಪ್ಪಿ ಇದ್ದದ್ದೂ ಮಾವನ ಮಾತೇ, ಬಾಲ ಇದ್ದದ್ದೂ ಮಾವನ ಮಾತೇ.

"ಸೇವ್ ಮಾಡಿದ್ರಾ ಮಾವ?"

"ಮಾಡ್ದೆ ಇರ್ತೀನಾ? ಪುಟಪುಟಕ್ಕೂ ಸೇವ್ ಮಾಡಿ ಅಂತ ನೀನೇ ಹೇಳ್ಕೊಟ್ಟಿದ್ದಲ್ಲ. ತಿಂಡಿಗೆ ಎದ್ದಾಗ ಎಲ್ಲಾ ಮುಚ್ಚಿ, ಆರಿಸಿ, ಮತ್ತೆ ತೆಗ್ದೆ."

ಮುಚ್ಚಿ ತೆಗೆದ ಮೇಲೆ ಅಳಿಸಿದ್ದನ್ನು ವಾಪಸ್ ತರುವ ದಾರಿಯಿಲ್ಲ. ಆದರೂ ಅವಳು ‘ಅನ್‌ಡು’ ಒತ್ತಿ ನೋಡಿದಳು. ಪೆನ್‌ಡ್ರೈವಿನಲ್ಲಿ ಹುಡುಕಿದಳು. ಹಳೆ ಕಂಪ್ಯೂಟರನ್ನು ಅಂಗಡಿಯವನು ಆಗಲೇ ಅಳಿಸಿ ಮಾರಿದ್ದ; ಇದ್ದದ್ದು ಅದೊಂದೇ ಪ್ರತಿ, ಮಾವ ಅದರ ಮೇಲೆಯೇ ಕೂತು ಕಿತ್ತಿದ್ದರು. ಮೊಬೈಲಿನ ಇಂಟರ್‌ನೆಟ್ ಕೊಟ್ಟು ನುಡಿಯನ್ನು ಇಳಿಸತೊಡಗಿದಳು. ಆ ಹೊತ್ತಿಗೇ ಫೋನು ಬಡಿದುಕೊಂಡಿತು.

"ಹೇಮಾ, ಪ್ರಿಂಟರ್ ಮತ್ತೆ ಖಾಲಿ ಹಾಳೆ ಬಿಡ್ತಾ ಅದೆ ಕಣೆ" ಎಂದಳು ಉಷಾರಾಣಿ.

"ಆಮೇಲೆ ಮಾಡ್ತೀನಿ ಅತ್ತಿಗೆ."

"ಆಮೇಲೆ ಅಂದ್ರೆ ಯಾವತ್ತು? ಎರಡು ನಿಮಿಷದ ಕೆಲಸ. ನಿಂಗೇನು ಕೂತ ಕಡೆ ಹೇಳೋದು, ಇಲ್ಲಿ ಬಗ್ಗಿ ಬಗ್ಗಿ ನನ್ ಸೊಂಟ ಹೋಯ್ತು."

"ಸೊಂಟಕ್ಕೆ ಬಿಸಿನೀರು ಹಾಕ್ಕೊಳ್ಳಿ ಅತ್ತಿಗೆ. ಇಡ್ತೀನಿ."

ನುಡಿ ಬಂದು ಕೂತಿತು. ಹನ್ನೆರಡನೇ ಪುಟದಿಂದ ಮುಂದೆ ಕನ್ನಡ ಅಚ್ಚುಕಟ್ಟಾಗಿ ಎದ್ದು ನಿಂತಿತು. ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕರು ಅಡ್ಡ ತಿರುಗಿದಾಗ ಮಾಡಬೇಕಾದ್ದು, ಎಲ್ಲ ಇದ್ದವು. ಮೊದಲ ಹನ್ನೊಂದು ಪುಟ ಮಾತ್ರ ಕಾಲು ಕಿತ್ತ ಮಿಡತೆಗಳ ರಾಶಿಯಂತೆ ಬಿದ್ದಿತ್ತು. ಹೊಟ್ಟೆಯುಬ್ಬರದ ಅಧ್ಯಾಯ ಅದು. ನೀಲಕಂಠಸ್ವಾಮಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಹಂಗಾದ್ರೆ ನಾನು ಕಿತ್ತದ್ದು ಉಣ್ಣೆ ಅಲ್ಲ" ಎಂದರು. ಎದ್ದು ಹೋಗಿ ಜಗಲಿಯಲ್ಲಿ ಕೂತರು.

ಮಧ್ಯಾಹ್ನ ಬೀಜದ ಅಂಗಡಿ ಮುಚ್ಚಿ ಊಟಕ್ಕೆ ಬಂದ ನಂಜುಂಡೇಶ ವಿಷಯ ಕೇಳಿ ತಟ್ಟೆಯ ಮುಂದೆಯೇ ಶುರುಮಾಡಿದ. "ನಿಮಗ್ಯಾಕಪ್ಪ ಬೇಕಿತ್ತು ಕಂಪ್ಯೂಟರ್ ರಿಪೇರಿ? ಗೊತ್ತಿಲ್ದೋರು ಮುಟ್ಟಬಾರದು ಅಂತ ಎಷ್ಟು ಸಲ ಹೇಳೀವ್ನಿ? ಹೋಗ್ಲಿ ಬುಡಿ, ಹನ್ನೊಂದು ಪುಟ ತಾನೆ, ಹೇಮಾ ಟೈಪ್ ಮಾಡ್ತಾಳೆ."

ಮಾವ ಮುದ್ದೆಯನ್ನು ಸಾರಿನಲ್ಲಿ ಅದ್ದಿದವರು ಬಾಯಿಗಿಡಲಿಲ್ಲ. ಹೇಮಶ್ರೀ ಗೌರಿಗೆ ಅನ್ನ ಕಲಸುತ್ತಿದ್ದಳು. ಸುಮ್ಮನಿದ್ದರೆ ಆಗುತ್ತಿತ್ತು. ಮುದುಕರು ಏನೋ ಒತ್ತಿ ಕೆಡಿಸಿದರು ಎಂದು ನಾಲ್ಕು ದಿನ ಆಡಿಕೊಂಡು ಎಲ್ಲರೂ ಮರೆಯುತ್ತಿದ್ದರು. ಅವಳಿಗೆ ಮಾತಾಡುವಷ್ಟು ತ್ರಾಣವೂ ಇರಲಿಲ್ಲ. ಕಣ್ಣೊಳಗೆ ಮರಳು ತುಂಬಿದಂತಿತ್ತು.

"ಅವರನ್ನ ಅನ್ನಬೇಡಿ" ಅಂದಳು. "ತಪ್ಪು ನಂದು. ನುಡಿ ಹಾಕದೆ ಇದ್ದೋಳು ನಾನು. ಇನ್ನೊಂದು ಪ್ರತಿ ಇಡ್ತೀನಿ ಅಂತ ಮೂರು ಭಾನುವಾರ ತಳ್ಳಿದೋಳೂ ನಾನೇ. ಊರೋರ ಪ್ರಿಂಟರೆಲ್ಲ ನೋಡ್ದೆ, ಮನೇದು ನೋಡ್ಲಿಲ್ಲ. ಮಾವಂಗೆ ಏನೂ ಗೊತ್ತಿರಲಿಲ್ಲ."

ನಂಜುಂಡೇಶ ಮಜ್ಜಿಗೆಗೆ ಕೈಚಾಚಿದ. ಅತ್ತೆ ಬಡಿಸಿದರು. ಮಾವ ಸೊಸೆಯ ಕಡೆ ಒಮ್ಮೆ ನೋಡಿ, ತುತ್ತು ನುಂಗಿದರು.

ಸಂಜೆ ಗೌರಿ ಮೈ ಬೆವೆತು ಜ್ವರ ಇಳಿದು, ಜಗಲಿಯ ಚಾಪೆಯ ಮೇಲೆ ನಿದ್ದೆಹೋದಳು. ಹೇಮಶ್ರೀ ಪಕ್ಕದಲ್ಲೇ ಗೋಡೆಗೆ ಒರಗಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಳು. "ಹೇಳಿ ಮಾವ, ಬರ್ಕೋತೀನಿ."

ನೀಲಕಂಠಸ್ವಾಮಿ ಹೇಳತೊಡಗಿದರು. ಗುರುಪುರದ ಕಡೆಯ ಹಳ್ಳಿ. ಚಿಕ್ಕಬೀರಮ್ಮನ ಮನೆಯ ಕೆಂದ ಹಸು. ರಾತ್ರಿ ಹಗ್ಗ ಕಿತ್ತುಕೊಂಡು ಪಕ್ಕದ ಹೊಲದ ಹಸಿ ಜೋಳ ಮೇದಿದೆ. ಎಡಗಡೆ ಹೊಟ್ಟೆ ತಮಟೆಯ ಹಾಗೆ ಬಿಗಿದಿದೆ. ಇದನ್ನು ಹೇಮಶ್ರೀ ಹಿಂದೆ ಓದಿದ್ದಳು, ಹಾಗಾಗಿ ಮುಂದಿನದು ಅವಳಿಗೇ ನೆನಪಿತ್ತು.

"ಹೊಟ್ಟೆಗೆ ಚುಚ್ಚಿ ಒಳಗಿನ ಗಾಳಿ ಹೊರಬಿಟ್ಟೆ, ಹಸು ಎದ್ದು ನಿಂತಿತು. ಅಲ್ವಾ ಮಾವ?"

"ಅಂಗಂತ ಬರ್ದಿದ್ದೆ."

ಅವಳು ಬೆರಳನ್ನು ಕೀಲಿಯ ಮೇಲೆ ಇಟ್ಟುಕೊಂಡೇ ಕಾದಳು. ಮಾವ ಬೀದಿಯ ಕಡೆ ನೋಡುತ್ತಿದ್ದರು.

"ಅದು ಎದ್ದು ನಿಲ್ಲಲಿಲ್ಲ ಕಣವ್ವ. ಅವತ್ತು ನಾನು ಊರೊಳಗೊಂದು ನಿಶ್ಚಿತಾರ್ಥದ ಊಟಕ್ಕೆ ಹೋಗಿದ್ದೆ. ಚಿಕ್ಕಬೀರಮ್ಮನ ಗಂಡ ಹುಚ್ಚಯ್ಯ ಓಡ್ಕೊಂಡ್ ಬಂದು ಎಲೆ ಮುಂದೆ ನಿಂತ್ಕಂಡ. ಪಾಯಸ ಬಡಿಸ್ತಾ ಅವ್ರೆ, ಉಂಡ್ಕಂಡ್ ಬತ್ತೀನಿ ನಡಿ ಅಂದೆ. ನಾನು ಹೋಗೋ ಹೊತ್ಗೆ ಆ ಹೆಂಗ್ಸು ಹಸೀನ್ ತಲೆ ತೊಡೆ ಮ್ಯಾಲೆ ಇಟ್ಕಂಡ್ ಕೂತಿತ್ತು. ಅರ್ಧ ಗಂಟೆ ಮೊದ್ಲು ಹೋಗಿದ್ರೆ ಉಳೀತಿತ್ತು."

"ಚಿಕ್ಕಬೀರಮ್ಮ ಏನಂದ್ರು?"

"ಕುಡಿಯಕ್ಕೆ ನೀರು ಕೊಟ್ಟಳು. ಇವತ್ತಿನವರೆಗೂ ಇದನ್ನ ಯಾರ ಮುಂದೂ ಹೇಳಿಲ್ಲ, ನಿಮ್ಮತ್ತೆ ಮುಂದೂವೆ. ಮಧ್ಯಾಹ್ನ ನೀನು ತಟ್ಟೆ ಮುಂದೆ ತಪ್ಪು ನಂದು ಅಂದ್ಯಲ್ಲ, ಆವಾಗಿಂದ ಇದೇ ತಲೇಲಿ ಕುಂತದೆ."

ಒಳಗೆ ಹೇಮಶ್ರೀಯ ಫೋನು ಬಡಿದುಕೊಂಡು ತಾನಾಗಿಯೇ ನಿಂತಿತು.

"ಹೇಗೆ ಬರೀಲಿ ಮಾವ?"

"ಹಸು ಉಳೀಲಿಲ್ಲ ಅಂತ ಬರಿ. ನಾನು ತಡವಾಗಿ ಹೋದೆ ಅಂತ ಬರಿ. ಉಬ್ಬರಕ್ಕೆ ಗಳಿಗೆ ಕಾಯಬಾರದು ಅಂತ ಓದೋರಿಗೆ ಮನಸಿಗೆ ನಾಟ್ಬೇಕಲ್ಲ. ಪಾಯಸಾನೂ ಬರಿ."

ಅವಳು ಬರೆದಳು. ಒಂದೊಂದು ವಾಕ್ಯಕ್ಕೂ ಮಾವ ತಡೆದು, ತಿದ್ದಿ, ಮತ್ತೆ ಹೇಳಿದರು. ಬೀದಿ ದೀಪ ಹತ್ತುವಷ್ಟರಲ್ಲಿ ಆದದ್ದು ಒಂದು ಪುಟ. ಇನ್ನೂ ಹತ್ತು ಉಳಿದಿದ್ದವು. ಸಾಲುಗಳು ಅವಳ ಕಣ್ಣೆದುರು ಒಂದರೊಳಗೊಂದು ಸೇರತೊಡಗಿದವು.

"ಬೇಜಾರಾಯ್ತಾ ಮಗ?" ಎಂದರು ಮಾವ.

"ಬೇಜಾರಲ್ಲ. ಸುಸ್ತಾಗಿದೆ ಮಾವ." ಮದುವೆಯಾಗಿ ಬಂದು ಐದು ವರ್ಷದಲ್ಲಿ ಆ ಮನೆಯಲ್ಲಿ ಅವಳು ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

"ಹಂಗಾದ್ರೆ ಸಾಕು ಇವತ್ತಿಗೆ. ಸೋಮವಾರ ಆಗಲ್ಲ ಅಂತ ಪ್ರಭುಸ್ವಾಮಿಗೆ ನಾನೇ ಹೇಳ್ಬುಡ್ತೀನಿ. ನಿಧಾನಕ್ಕೆ ಆಗ್ಲಿ."

ಹೇಮಶ್ರೀ ಆ ಒಂದು ಪುಟವನ್ನೂ ಉಳಿದ ಪುಸ್ತಕವನ್ನೂ ಲ್ಯಾಪ್‌ಟಾಪಿನಲ್ಲಿ ಒಮ್ಮೆ, ಪೆನ್‌ಡ್ರೈವಿನಲ್ಲಿ ಒಮ್ಮೆ ಉಳಿಸಿ, ಎರಡೂ ಕಡೆ ತೆಗೆದು ನೋಡಿದಳು. ಆಮೇಲೆ ಮುಚ್ಚಳ ಮುಚ್ಚಿ, ಅಲ್ಲೇ ಚಾಪೆಯ ಮೇಲೆ ಮಗಳ ಮಗ್ಗುಲಿಗೆ ಮಲಗಿದಳು.